ಪೆಟ್ಟಿಗೆಯಲ್ಲಿ ಏನಿತ್ತು

ಗುರುವಾರ ರಾತ್ರಿ ಅಂಗಡಿಯ ಷಟರು ಎಳೆದು
ಮೂವರು ಹೊರಟೆವು ರೂವಿಯ ಟಾಕೀಸಿಗೆ:
ದಾದಿ ಸೆವ್ರಿನಾ, ಮೇಲಿನ ಮನೆಯ ಉಳ್ಳಾಲದ ಹಾಜಿರಾ,
ಮತ್ತೆ ನಾನು, ಹೆಜಮಾಡಿಯ ಜಲಜಾಕ್ಷಿ,
ಹನ್ನೊಂದು ವರ್ಷದಿಂದ ಮಸ್ಕತ್ತಿನ ಹೆಂಗಸರ
ಎದೆಸುತ್ತು, ಸೊಂಟಸುತ್ತು ಬಲ್ಲವಳು,
ಯಾರದ್ದನ್ನೂ ಯಾರಿಗೂ ಹೇಳದವಳು.

ಹಿಂದಿ ಸಿನೆಮಾ. ದೊಡ್ಡವರಿಗೆ ಮಾತ್ರ.
ಟಿಕೇಟಿನ ಹುಡುಗ ನನ್ನ ನರೆ ನೋಡಿ ಸುಮ್ಮನಾದ.
ಹಾಜಿರಾಳ ಗುರುತುಚೀಟಿ ಮಾತ್ರ ಕೇಳಿದ.
ಮೊಮ್ಮಗನ ಫೋಟೋ ತೋರಿಸಿ ಒಳಗೆ ಬಂದವಳು
ಇಂಟರ್ವಲ್ಲಿನ ತನಕ ಅದನ್ನೇ ಹೇಳಿದಳು.

ಕತೆ ಇಷ್ಟೇ. ಕಾನ್ಪುರದಲ್ಲಿ ಒಬ್ಬಳು ವಿಧವೆ ಅತ್ತೆ,
ಮೂವರು ಸೊಸೆಯರಿಗೆ ದಿನಕ್ಕೆರಡು ಹೊತ್ತು
ಮಾನ ಮರ್ಯಾದೆ ಅರೆದು ಕುಡಿಸುವವಳು,
ಗುಟ್ಟಾಗಿ ಒಂದು ಪಾರ್ಸೆಲು ತರಿಸುತ್ತಾಳೆ.
ಅದು ಬರುವುದು ಮಗಳ ನಿಶ್ಚಿತಾರ್ಥದ ದಿನ.
ಉಡುಗೊರೆಯೆಂದು ತಿಳಿದ ಬೀಗರು
ನೂರು ಜನರೆದುರು ರಿಬ್ಬನ್ನು ಬಿಚ್ಚಿ
ಮುಚ್ಚಳ ಎತ್ತಿ

ಅಲ್ಲಿಗೆ ಕತ್ತರಿ.

ಮರುಕ್ಷಣ ಬೀಗರ ಕನ್ನಡಕ ನೆಲದ ಮೇಲೆ,
ಪುರೋಹಿತರ ಒಂದು ಕಾಲು ಕಿಟಕಿಯ ಹೊರಗೆ,
ಅತ್ತೆ ಹೇಳುತ್ತಿದ್ದಾಳೆ: ಅದು ಮಜ್ಜಿಗೆ ಕಡೆಯುವುದು.

ಕತ್ತರಿ ನನಗೂ ಗೊತ್ತು ಮಾರಾಯ್ರೇ.
ಕತ್ತರಿಸಿದ ಮೇಲೆ ಅಂಚು ಮಡಚಬೇಕು,
ಹೊಲಿಗೆ ಒಳಗೆ ಕೂರಬೇಕು.
ಇವರದ್ದು ಬರೀ ಹರಕು, ದಾರ ನೇತಾಡುತ್ತಿತ್ತು,
ಒಬ್ಬಳ ಮಾತಿನ ಬಾಲಕ್ಕೆ
ಇನ್ನೊಬ್ಬಳ ನಗುವಿನ ತಲೆ.
ಹತ್ತೊಂಬತ್ತು ನಿಮಿಷ ಹೋಗಿದೆಯಂತೆ.
ಅಷ್ಟು ಬಟ್ಟೆಯಲ್ಲಿ ಒಂದು ಲಂಗ ಆಗುತ್ತಿತ್ತು.

ಟಾಕೀಸು ಒಂದು ಗಳಿಗೆ ಕಣ್ ಕಣ್ ಬಿಟ್ಟಿತು.
ಹಿಂದಿನ ಸಾಲಿನಿಂದ ಪೇಶಾವರದ ಒಬ್ಬ ಡ್ರೈವರು
ಎದ್ದೇ ನಿಂತು ಕೇಳಿದ:
ಅರೇ, ಪೆಟ್ಟಿಗೆಯಲ್ಲಿ ಏನಿತ್ತು?
ಡ್ರಿಲ್ಲಿಂಗ್ ಮೆಷೀನು, ಅಂದ ಒಬ್ಬ ಮಲಯಾಳಿ.
ಇಲಿಶ್ ಮೀನು, ಎರಡು ಕಿಲೋ, ಅಂದ ಸಿಲೆಟಿನವ.
ತಮಿಳಿನಲ್ಲೊಂದು ಬಂತು, ಅರ್ಥವಾಗಲಿಲ್ಲ,
ಅದಕ್ಕೇ ಹೆಚ್ಚು ನಕ್ಕೆ.
ಎರಡು ವರ್ಷಕ್ಕೊಮ್ಮೆ ಮನೆಯ ಮಂಚ ಕಾಣುವ ಗಂಡಸರು
ತಂತಮ್ಮ ಹಸಿವು ತಂದು ತಂದು
ಆ ಪೆಟ್ಟಿಗೆಗೆ ತುಂಬಿದರು.
ಪರದೆಯ ಮೇಲೆ ಮುಂದಿನ ಹಾಡು ಮುಗಿದಿತ್ತು,
ಯಾರಿಗೆ ಬೇಕಿತ್ತು ಹಾಡು.

ಸೆವ್ರಿನಾ ರಜೆಯಲ್ಲಿ ಮಂಗಳೂರಲ್ಲಿ ನೋಡಿದ್ದಾಳೆ,
ಇಡೀ ಸಿನೆಮಾ, ಕತ್ತರಿ ಬೀಳದ್ದು.
ಹೇಳೇ, ಅಂದರೆ ಬಾಯಿ ತೆರೆಯುತ್ತಾಳೆ,
ನಗು ಬಂದು ಬಾಯಿ ಮುಚ್ಚುತ್ತಾಳೆ.
ಕೊನೆಗೆ ಆಸ್ಪತ್ರೆಯ ವ್ಯಾನಿನಲ್ಲಿ
ಡ್ರೈವರನಿಗೆ ತಿಳಿಯದಿರಲೆಂದು
ತುಳುವಿನಲ್ಲಿ ಹೇಳಿದಳು.
ಸಿಗ್ನಲ್ಲು ಹಸಿರಾಯಿತು. ವ್ಯಾನು ಹೊರಡಲಿಲ್ಲ.
ಹೊಸ ಡ್ರೈವರು ಬಂಟ್ವಾಳದವನು.

ಮಲ್ಪೆಯ ಐಸು ಪ್ಲಾಂಟಿನಲ್ಲಿ
ರಾತ್ರಿಪಾಳಿಯ ಗಂಡನಿಗೆ ಫೋನು ಹಚ್ಚಿದೆ.
ಯಾವ ಸಿನೆಮಾ, ಕೇಳಿದರು.
ಭಕ್ತಿಯದ್ದು, ಅಂದೆ.
ಹೇಗುಂಟು?
ದೇವರು ಪ್ರತ್ಯಕ್ಷ ಆಗುವಲ್ಲಿಗೆ ಸರಿಯಾಗಿ ಕಡಿದಿದ್ದಾರೆ, ಅಂದೆ.
ಅವರು ಕೆಮ್ಮಿದರು. ಹಿಂದೆ ಎಲ್ಲೋ
ಐಸಿನ ಗಡ್ಡೆ ಜಾರಿ ಬಿದ್ದ ಸದ್ದು.
ಆಮೇಲೆ ಇಬ್ಬರೂ ತುಸು ಹೊತ್ತು ಸುಮ್ಮನಿದ್ದೆವು,
ದುಡ್ಡು ಓಡುತ್ತಿತ್ತು.

ಶನಿವಾರ ಅಂಗಡಿಗೆ ಮೋಂಘಿಬಾಯಿ ಬಂದರು,
ಮತ್ರಾದ ಹಳೆಯ ಕಛ್ಛಿ ಮನೆಯವರು,
ಎಪ್ಪತ್ತೆಂಟು ವರ್ಷ, ಬಿಳಿ ಸೀರೆ, ಜಪಮಾಲೆ.
ನಾನು ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು
ರವಿಕೆಯ ಬೆನ್ನು ಸರಿಮಾಡುತ್ತಿದ್ದೆ.
ಮೊಮ್ಮಕ್ಕಳು ಸಿನೆಮಾಕ್ಕೆ ಕರೆದೊಯ್ದಿದ್ದರು,
ಅಂದರು ಕನ್ನಡಿಯೊಳಗಿಂದ.
ಆ ಪೆಟ್ಟಿಗೆಯಲ್ಲಿ ಏನಿತ್ತು, ಬೇಟಿ?
ನಾನು ಸೂಜಿಗಳ ನಡುವೆ ಹೂಂ ಅಂದೆ, ಊಹೂಂ ಅಂದೆ.
ಅಜ್ಜಿ ಒಂದು ಮಣಿ ಸರಿಸಿದರು.
ನನಗೆ ಗೊತ್ತು,
ನಿನಗೆ ಗೊತ್ತೋ ಅಂತ ಕೇಳಿದೆ.

ಮತ್ತೆ ತಿರುಗಿ ನಿಂತು,
ಕುತ್ತಿಗೆ ಇನ್ನೂ ಒಂದಿಂಚು ಇಳಿಸು, ಅಂದರು.