ಐವತ್ತೋ ನೂರೋ

ಒಪುವೋ ಊರಿನ ಆಚೆ ತುದಿಯ ಗ್ಯಾರೇಜಿಗೆ
ಮೊಪಾನೆ ಮರದ ನೆರಳೇ ಮಾಡು.
ವೆರಿಕುವ ಗಾಡಿಯ ಹೊಟ್ಟೆಯಡಿ ತೆವಳಿ
ಟಾರ್ಚು ಬಿಟ್ಟ. ಒಂದಷ್ಟು ಹೊತ್ತು ಮಾತಿಲ್ಲ.
ಆಮೇಲೆ: "ಕಮಾನು ಪಟ್ಟಿ ಅಂದರೆ ನಗುತ್ತಿರಬೇಕು,
ನಿನ್ನದು ತುಟಿ ಬಿಗಿದುಕೊಂಡಿದೆ."

ಒಂಬತ್ತು ವರ್ಷದ ಕಲ್ಲು. ನೀರಿಲ್ಲದ ಹೊಳೆಗಳ ಪಾತ್ರ.
ಲಸಿಕೆಯ ತಂಪುಪೆಟ್ಟಿಗೆ, ಎರಡು ಡ್ರಮ್ಮು ಡೀಸೆಲ್ಲು,
ಸಿಸ್ಟರ್ ಹಿಲ್ಯಾ, ಅವಳು ಮಗು ತೂಗುವ ತಕ್ಕಡಿ,
ಮತ್ತೆ ದಾರಿಯಲ್ಲಿ ಕೈ ಅಡ್ಡ ಹಿಡಿದವರೆಲ್ಲ.
ಸೊಂಟ ಬೀಳದೆ ಇನ್ನೇನು?
ಹೋದ ವಾರವಷ್ಟೇ ಡೀಸೆಲ್ ಟ್ಯಾಂಕು ಬಂಡೆಗೆ ಉಜ್ಜಿ
ನಮ್ಮೆಲ್ಲರ ಹಲ್ಲು ಜುಮ್ಮೆಂದಿತ್ತು.

"ಎತ್ತೋಣ," ಅಂದ. "ಐವತ್ತೋ, ನೂರೋ?"
ಮಿಲಿಮೀಟರಿನ ಲೆಕ್ಕ. ಜೇಬಿನಿಂದ ತೆಗೆದು ತೋರಿಸಿದ:
ಐವತ್ತು ಅಂದರೆ ಒಂದು ಬೆಂಕಿಪೊಟ್ಟಣದ ಉದ್ದ.
ನೂರು ಅಂದರೆ ಎರಡು.

ನನಗೆ ನೂರರ ಆಸೆ. ಸುಳ್ಳೇಕೆ ಹೇಳಲಿ.
ವಿಂಡ್‌ಹುಕ್‌ನಿಂದ ಬರುವ ಪ್ರವಾಸಿಗಳ ಬಾಡಿಗೆ ಗಾಡಿಗಳು
ಪೆಟ್ರೋಲ್ ಬಂಕಿನಲ್ಲಿ ಒಂಟೆಯ ಹಾಗೆ ನಿಂತು
ನನ್ನ ಚಾವಣಿಯ ತುಕ್ಕನ್ನು ಮೇಲಿಂದ ನೋಡುತ್ತವೆ.
ಒಂದು ಸಲವಾದರೂ ಅವುಗಳ ಕಣ್ಣಿಗೆ ಕಣ್ಣಿಟ್ಟು
ಡೀಸೆಲ್ ಹಾಕಿಸಬೇಕಿತ್ತು.

ವೆರಿಕುವ ಒಂದೊಂದೇ ಬೆರಳು ಮಡಚಿದ:
ನೂರಾದರೆ ಬ್ರೇಕಿನ ಕೊಳವೆ ಸಾಲದು, ಉದ್ದದ್ದು ತರಿಸಬೇಕು.
ಶಾಫ್ಟು ಓರೆಯಾಗಿ ಗುಂಯ್‌ಗುಡುತ್ತದೆ.
ಸ್ಟಿಯರಿಂಗು ಕುಡಿದವನಂತೆ ದಾರಿ ಹುಡುಕುತ್ತದೆ.
ಓರೆ ಇಳಿಜಾರಲ್ಲಿ ತಲೆಭಾರ.
"ಮತ್ತೆ ಡಿಫರೆನ್ಷಿಯಲ್ಲು, ಎಷ್ಟೆತ್ತಿದರೂ ಇದ್ದಲ್ಲೇ ಇರುತ್ತದೆ.
ಅದನ್ನೆತ್ತುವುದು ದೊಡ್ಡ ಟೈರು ಮಾತ್ರ, ತಿಳಕೋ."
ಕೇಳಿದೆ. ಆಸೆ ಒಂದು ಮಿಲಿಮೀಟರೂ ಇಳಿಯಲಿಲ್ಲ.

ಅಷ್ಟರಲ್ಲಿ ಚಾಂಬಿರು ಬಂದಳು. ಎಂಟು ತಿಂಗಳು.
ಮೈಗೆ ಬೆಣ್ಣೆ ಬೆರೆಸಿದ ಕೆಂಪು ಮಣ್ಣು, ಕಾಲಲ್ಲಿ ಲೋಹದ ಮಣಿ.
ಗಾಡಿ ಎಲ್ಲಿದೆಯೋ ದವಾಖಾನೆ ಅಲ್ಲಿ, ಅದು ಅವಳ ಲೆಕ್ಕ.
ಜ್ಯಾಕಿನ ಮೇಲೇರಿದ ಬಾಗಿಲ ಅಂಚಿಗೆ ಅಂಗೈ ಇಟ್ಟಳು,
ಆ ಅಂಗೈಯನ್ನು ಹಾಗೇ ತಂದು ತನ್ನ ಸೊಂಟಕ್ಕೆ ಹಿಡಿದಳು,
ನಕ್ಕಳು: "ಇದಕ್ಕೆ ನಾನು ಹತ್ತಬೇಕೋ, ನನ್ನ ಆಡು ಹತ್ತಬೇಕೋ?"

ನಾವಿಬ್ಬರೂ ನೆಲ ನೋಡಿದೆವು.
"ಐವತ್ತು," ಅಂದೆ.

ಶನಿವಾರ ವಾಲ್ವಿಸ್ ಬೇಯಿಂದ ಲಾರಿಯಲ್ಲಿ ಬಂದವು ಪಟ್ಟಿಗಳು,
ಕಪ್ಪು ಬಣ್ಣ, ಬಾಯ್ತುಂಬ ನಗು.
ಹಳೆಯ ಯು-ಬೋಲ್ಟುಗಳು ಜಪ್ಪಯ್ಯ ಅಂದರೂ ಬಿಡಲಿಲ್ಲ.
ಬೈದೆವು, ಬಡಿದೆವು, ಕೊನೆಗೆ ಕಟ್ಟರ್ ಹಿಡಿದು ಕೊಯ್ದೆವು.
ಕಿಡಿ ಹಾರಿ ಅಂಗಿಗೆ ನಾಲ್ಕು ತೂತು,
ಹೆಂಡತಿಗೆ ಹೇಳಲು ಇನ್ನೂ ಒಂದು ಕತೆ ಹೊಂದಿಸಬೇಕು.
ಜ್ಯಾಕು ಮರಳಿಗಿಳಿಯದಂತೆ ಅಡಿಗೊಂದು ದಪ್ಪ ಹಲಗೆ.
ಹೊಸ ಪಟ್ಟಿಯ ನಡುಗೂಟ ತೂತಿಗೆ ಕೂರಲೊಲ್ಲದು,
ಅರ್ಧ ಬೆರಳು ಆಚೆ, ಅರ್ಧ ಬೆರಳು ಈಚೆ,
ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು.

ಕೂತಿತಲ್ಲ ಎಂದು ಪಾನ ಹಿಡಿದು ಬಿಗಿಯಹೊರಟೆ.
ವೆರಿಕುವ ಕೈ ತಡೆದ: "ಗಾಳಿಯಲ್ಲಿ ತೂಗುವಾಗ ಬಿಗಿದರೆ
ಒಳಗಿನ ಬುಷ್ಷು ತಿರುಚಿ ಹರಿಯುತ್ತದೆ.
ಮೊದಲು ಇಳಿಸು. ನೆಲದ ಮೇಲೆ ನಿಂತು
ತನ್ನ ಭಾರ ತಾನು ಹೊರಲಿ.
ಕೊನೆಯ ಬಿಗಿ ಆಮೇಲೆ."

ಇಳಿಸಿದೆವು. ಕಿರುಗುಟ್ಟಲಿಲ್ಲ. ಉಸ್ಸೆಂದು ಕೂತಿತು.
ಟೇಪು ಹಿಡಿದರೆ ಎಡಕ್ಕೆ ನಲವತ್ತೆಂಟು, ಬಲಕ್ಕೆ ಐವತ್ತೊಂದು.
"ಬಲಗಡೆ ಕೂರುವವನು ನೀನು ತಾನೆ,
ನಿನ್ನ ಹೊಟ್ಟೆ ಸರಿಮಾಡುತ್ತದೆ ಬಿಡು."

ಹಳೆಯ ಪಟ್ಟಿಯನ್ನು ಗುಜರಿಗೆ ಹಾಕಲಿಲ್ಲ.
ಎರಡು ತುಂಡು ಮಾಡಿ ಹಿಂಬಾಗಿಲ ಕೆಳಗೆ ಬೆಸೆದ, ಮೆಟ್ಟಿಲು.
ಸ್ವಲ್ಪ ಬಾಗಿದೆ. ಬರಿಗಾಲಿಗೆ ಅಡ್ಡಿಯಿಲ್ಲ.

ಕತ್ತಲಾದ ಮೇಲೆ ದೀಪ ಹಾಕಿ ನೋಡಿದರೆ
ಬೆಳಕೆಲ್ಲ ರಸ್ತೆ ಬಿಟ್ಟು ಮೊಪಾನೆ ಕೊಂಬೆಗೆ.
ಗೂಬೆಯೊಂದು ಎಚ್ಚೆತ್ತು ನಮ್ಮಿಬ್ಬರನ್ನೂ ದುರುಗುಟ್ಟಿತು.
ದೀಪ ತಗ್ಗಿಸುವುದು ನಾಳೆ.
ಐನೂರು ಕಿಲೋಮೀಟರು ಓಡಿದ ಮೇಲೆ
ಎಲ್ಲ ನಟ್ಟನ್ನೂ ಇನ್ನೊಂದು ಸುತ್ತು.