ಸುರಂಗದೊಳಗಿನ ನಲವತ್ತು ಸೆಕೆಂಡು

ಹುಬ್ಬಳ್ಳಿ ಆಫೀಸಿನ ಕ್ಲೇಮು ವಿಭಾಗದ ಸಾಹೇಬರೇ,
ನಾನು ಸುಲಭಾ ತಾಂಡೇಲ, ಕಾರವಾರ,
ರಕ್ತ ಪರೀಕ್ಷೆಯ ಲ್ಯಾಬಿನವಳು.
ಒಂದು ಹನಿಯನ್ನು ಎರಡು ಸಲ ನೋಡದೆ
ಯಾರಿಗೂ ಸಕ್ಕರೆ ಇದೆ ಎಂದು ಬರೆದವಳಲ್ಲ.

ಪ್ರೀಮಿಯಮ್ಮಿನಲ್ಲಿ ಸಾವಿರದ ಎಂಟುನೂರು ಕಮ್ಮಿಯಾಗುತ್ತದೆಂದು
ನಿಮ್ಮ ಹುಡುಗ ಬಂದು
ಸ್ಟೇರಿಂಗಿನ ಕೆಳಗೆ, ನನ್ನ ಮೊಣಕಾಲಿನ ಹತ್ತಿರ,
ಬೆಂಕಿಪೊಟ್ಟಣದಷ್ಟು ಕರಿ ಪೆಟ್ಟಿಗೆ ಅಂಟಿಸಿ ಹೋದ.
ಅದಕ್ಕೊಂದು ಹಸಿರು ದೀಪ.
ರಾತ್ರಿ ಅಂಗಳದಲ್ಲಿ ಕಾರು ನಿಂತಾಗಲೂ
ಮಿಣುಕ್, ಮಿಣುಕ್.
ಮಗಳು ಅದಕ್ಕೆ ಚಾಡಿಕೋರ ಎಂದು ಹೆಸರಿಟ್ಟಳು.
ನಾನು ನಕ್ಕಿದ್ದೆ.

ಈಗ ನಿಮ್ಮ ಕಾಗದ:
ಮಾರ್ಚ್ ಹದಿನೆಂಟು, ಬೆಳಿಗ್ಗೆ ಏಳು ಹನ್ನೊಂದು,
ಬಿಣಗಾ ಸುರಂಗ, ಕಾರವಾರದ ಕಡೆಯ ಬಾಯಿ,
ವೇಗ ತೊಂಬತ್ತಾರು.
ತಪ್ಪು ಚಾಲಕಿಯದು. ಕ್ಲೇಮು ತಿರಸ್ಕೃತ.

ತೊಂಬತ್ತಾರು!
ಹದಿಮೂರು ವರ್ಷದ ಹಳೆ ಕಾರು ಸಾಹೇಬರೇ,
ಎಪ್ಪತ್ತಕ್ಕೇ ಅದರ ಬಾಗಿಲು ಜಪ ಶುರುಮಾಡುತ್ತದೆ.
ಮುಂದೆ ಬಂದರಿಗೆ ಹೊರಟ ಡಾಂಬರಿನ ಟ್ಯಾಂಕರು
ಎಮ್ಮೆಯ ಹಾಗೆ ನಡೆಯುತ್ತಿತ್ತು.
ಹಿಂದೆ ನಾನು, ಮೂರನೇ ಗೇರು.

ನೀವೇ ಕಳಿಸಿದ ಹಾಳೆ ಓದಿ.
ಸುರಂಗ ಹೊಕ್ಕಾಗ ನಲವತ್ತಾರು.
ಆಮೇಲೆ ನಲವತ್ತು ಸೆಕೆಂಡು ಸಾಲೇ ಇಲ್ಲ.
ಗುಡ್ಡದ ಹೊಟ್ಟೆಯೊಳಗೆ ನಿಮ್ಮ ಉಪಗ್ರಹಕ್ಕೆ ನಾನು ಸಿಗಲಿಲ್ಲ.
ಹೊರಬಿದ್ದ ಕೂಡಲೇ ಕಂಡೆ,
ಗಾಬರಿಯಲ್ಲಿ ನನ್ನನ್ನು ಅಲ್ಲಿಂದ ಇಲ್ಲಿಗೆ ಎತ್ತಿ ಇಟ್ಟಿತು,
ತಾನು ಹಾರಿದ್ದಕ್ಕೆ
ನನ್ನ ವೇಗ ಎಂದು ಹೆಸರು ಬರೆಯಿತು.

ನಮ್ಮಪ್ಪ ದೋಣಿಯಲ್ಲಿ ನಿಂತು
ಕೂರ್ಮಗಡದ ತಲೆಗೂ ದೇವಗಡದ ದೀಪಕ್ಕೂ ಗೆರೆ ಎಳೆದು
ಬಲೆ ಬಿಡುವ ಜಾಗ ಹೇಳುತ್ತಿದ್ದ.
ಮಂಜು ಮುಸುಕಿದ ದಿನ ಕೇಳಿದರೆ
ಗೊತ್ತಿಲ್ಲ ಅನ್ನುತ್ತಿದ್ದ, ಬೀಡಿ ಹಚ್ಚುತ್ತಿದ್ದ.
ನಿಮ್ಮ ಪೆಟ್ಟಿಗೆಗೆ ಆ ಒಂದು ಮಾತು ಯಾರೂ ಕಲಿಸಿಲ್ಲ.

ಇನ್ನೂ ಬೇಕೆ?
ಅದೇ ದಿನ ಮಧ್ಯಾಹ್ನದ ಸಾಲು ನೋಡಿ, ಎರಡು ಇಪ್ಪತ್ತು.
ಮೂತಿ ಜಜ್ಜಿಹೋದ ಕಾರನ್ನು ಕ್ರೇನಿಗೆ ಕಟ್ಟಿ
ಅಂಕೋಲೆಯ ಗ್ಯಾರೇಜಿಗೆ ಎಳೆದೊಯ್ದರು.
ಒಳಗೆ ಯಾರೂ ಇಲ್ಲ. ಚಾವಿ ನನ್ನ ಪರ್ಸಿನಲ್ಲಿ.
ನಾನು ಆಸ್ಪತ್ರೆಯ ಬೆಂಚಿನ ಮೇಲೆ.
ಸುರಂಗದ ಆ ಕಡೆಯ ಬಾಯಲ್ಲಿ ಬರೆದಿದೆ:
ವೇಗ ಎಂಬತ್ತೆಂಟು. ಚಾಲನೆ ಒರಟು.
ಆ ಚಾಲಕಿ ಯಾರು, ದಯವಿಟ್ಟು ತಿಳಿಸಿ.

*

ಇಪ್ಪತ್ತಾರನೇ ದಿನ ಉತ್ತರ ಬಂತು.
ಆಕ್ಷೇಪ ಮಾನ್ಯ. ಒಂದೇ ಸಾಲು.
ಲ್ಯಾಬಿನಲ್ಲಿ ಎಲ್ಲರಿಗೂ ಬಟಾಟೆವಡೆ ತರಿಸಿದೆ.

ಪತ್ರದಲ್ಲಿ ಬರೆಯದ್ದು:
ಕತ್ತಲೆಯಿಂದ ಹೊರಬಿದ್ದಾಗ
ಎಡಕ್ಕೆ ಕಡಲು, ಒಮ್ಮೆಲೇ,
ಮುಖಕ್ಕೆ ಎರಚಿದ ಹಾಗೆ.
ಅಪ್ಪನ ಹಳೆ ದೋಣಿಯ ಬಣ್ಣದ್ದೊಂದು, ನೀಲಿಗೆ ಕೆಂಪು ಪಟ್ಟಿ,
ಬೈತಕೋಲಿನತ್ತ ತಿರುಗುತ್ತಿತ್ತು.
ನೋಡಿದೆ.
ಎಷ್ಟು ಹೊತ್ತು? ಹೇಳಬಲ್ಲ ಯಂತ್ರ ಕಾರಿನಲ್ಲಿರಲಿಲ್ಲ.
ಕಣ್ಣು ರಸ್ತೆಗೆ ಬರುವಷ್ಟರಲ್ಲಿ ಟ್ಯಾಂಕರು ಇಲ್ಲ,
ಆ ಜಾಗದಲ್ಲಿ ವಿಠೋಬ ಪೆಡ್ನೇಕರರ ಸ್ಕೂಟರು,
ಹಿಂದೆ ತಿಸ್ರೆಯ ಚೀಲ.

ರಸ್ತೆಗೆ ಚೆಲ್ಲಿದ ಚಿಪ್ಪು
ಟೈರಿನಡಿ ಒಡೆಯುವ ಸದ್ದು
ಯಾವ ಹಾಳೆಯಲ್ಲೂ ಇಲ್ಲ.

ಅವರ ಹೆಗಲಿನ ಮೂಳೆಗೆ ಹಣ ಸಿಕ್ಕಿತು.
ತಿಸ್ರೆಗೆ ಸರ್ವೇಯರನ ಬಳಿ ಕಾಲಮ್ಮು ಇರಲಿಲ್ಲ.
ಭಾನುವಾರ ಸದಾಶಿವಗಡದ ಅವರ ಮನೆಗೆ ಹೋದೆ,
ಹೇಳಬೇಕೆಂದೇ ಹೋದೆ.
ಕೈಯನ್ನು ಜೋಳಿಗೆಯಲ್ಲಿ ತೂಗುಬಿಟ್ಟುಕೊಂಡು ಅವರೇ ಅಂದರು:
ಪೆಟ್ಟಿಗೆಯನ್ನು ಗೆದ್ದಿರಂತೆ ಬಾಯೀ, ಶಾಬಾಸ್.
ಬೇಡ ಬೇಡವೆಂದರೂ ಅವರ ಹೆಂಡತಿ
ಒಂದು ಪಾಲು ತಿಸ್ರೆ ಕಟ್ಟಿಕೊಟ್ಟಳು.

ಒಲೆಯ ಮೇಲೆ ನೀರು ಕುದಿಯಿತು.
ಒಂದೊಂದೇ ಟಿಕ್ಕೆಂದು ಬಾಯಿ ಬಿಟ್ಟವು.
ಒಂದು ಬಿಡಲಿಲ್ಲ.
ಬಾಯಿ ಬಿಡದ್ದನ್ನು ತಿನ್ನಬಾರದು, ಎಸೆಯಬೇಕು,
ಮಗಳಿಗೂ ಗೊತ್ತು.
ಅದನ್ನು ಅಂಗೈಯಲ್ಲಿಟ್ಟುಕೊಂಡು
ತಣ್ಣಗಾಗುವವರೆಗೆ ನಿಂತಿದ್ದೆ.