ಕರಿಗೇರಿನ ಗುರುತು

ನಾಲ್ಕು ಸುತ್ತು ನಡೀಬೇಕು ಅಂದಿದ್ದಾರೆ ಡಾಕ್ಟ್ರು.
ಇಕ್ಬಾಲುನ್ನೀಸಾಳ ಎಡಗೈಯಲ್ಲಿ ನಾಲ್ಕು ಹುಣಸೆಬೀಜ,
ಸುತ್ತು ಮುಗಿದಂತೆ ಒಂದೊಂದೇ ಬಲಗೈಗೆ ದಾಟುತ್ತವೆ.
ಮಾತಿನ ಭರದಲ್ಲಿ ಒಂದು ಬಿದ್ದುಹೋದರೆ
ಆ ದಿನ ಮೂರೇ ಸುತ್ತು.
ಸಕ್ಕರೆ ಕಾಯಿಲೆಗೆ ಲೆಕ್ಕ ಬರುತ್ತದೆಯೇ ಅನ್ನುತ್ತಾಳೆ.

ಕೋಲಾರದ ಈ ಅಂಚಿನಲ್ಲಿ
ನಾಲ್ಕೂವರೆಗೇ ಬೆಟ್ಟದ ನೆರಳು ಬಂದು ಕೂರುತ್ತದೆ.
ಮಿಲ್ಟ್ರಿ ಆಸ್ಪತ್ರೆ ಬಯಲು ಅಂತ ಹೆಸರು.
ಮಿಲ್ಟ್ರಿ ಇಲ್ಲ, ಆಸ್ಪತ್ರೆ ಇಲ್ಲ,
ಬಯಲೂ ಅರ್ಧ ಸೈಟುಗಳಾಗಿದೆ.
ಆದರೂ ಬಸ್ಸಿನವನು "ಆಸ್ಪತ್ರೆ, ಆಸ್ಪತ್ರೆ" ಎಂದು ಕೂಗಿ
ಜ್ವರದ ಮಗು ಹೊತ್ತ ಹೊಸಬಳೊಬ್ಬಳನ್ನು
ಕಳೆದ ತಿಂಗಳು ಇಲ್ಲಿ ಇಳಿಸಿಯೇ ಬಿಟ್ಟ.
ಹೊಂಗೆಮರದ ಕೆಳಗೆ ನಿಂತು
ಅವಳು ಬಾಗಿಲು ಹುಡುಕುತ್ತಿದ್ದಳು.

ಉಳಿದಿರುವುದು ಹದಿಮೂರು ಜಗಲಿ.
ಗೋಡೆಯಿಲ್ಲ, ಸೂರಿಲ್ಲ,
ಹತ್ತಲು ಮಾತ್ರ ಮೂರು ಮೂರು ಮೆಟ್ಟಿಲು.
ಮೊದಲನೆಯದರ ಮೇಲೆ ನೀಲಿ ಟೊಮೆಟೊ ಕ್ರೇಟು,
ನಾಲ್ಕನೆಯದು ಕದಿರಪ್ಪನ ಕೆಟ್ಟುನಿಂತ ಟೆಂಪೋಗೆ,
ಏಳನೆಯದರ ಬಿರುಕಿನಲ್ಲಿ ಯಾರೋ ಕರಿಬೇವು ನೆಟ್ಟು
ತಂತಿ ಸುತ್ತಿದ್ದಾರೆ.

ಒಂಬತ್ತನೆಯದು ಕೆಂಪು ಗಾರೆ, ಇವತ್ತಿಗೂ ನುಣುಪು.
ಹುಡುಗಿಯಾಗಿದ್ದಾಗ ಅದೇ ನಮ್ಮ ಗೋಲಿಯಂಗಳ.
ಯಾವ ಮೂಲೆಯಲ್ಲಿ ಬಿಟ್ಟರೂ ಗೋಲಿ
ತಾನೇ ಉರುಳಿ ನಡುವಿನ ತೂತಿಗೆ ಹೋಗುತ್ತಿತ್ತು.
ಮಾಟ ಅಂದುಕೊಂಡಿದ್ದೆವು.
ಗೋಲಿ ದೇವರು ಎಂದು ಹೆಸರಿಟ್ಟು
ಕಣಗಿಲೆ ಹೂ ಇಟ್ಟದ್ದೂ ಉಂಟು.
ನಲವತ್ತು ವರ್ಷದ ಮೇಲೆ,
ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ರಿಟೈರಾದ ಇಕ್ಬಾಲುನ್ನೀಸಾ
ಒಂದು ಸಂಜೆ ಚಪ್ಪಲಿಯಲ್ಲಿ ಧೂಳು ಸರಿಸಿ ನೋಡಿ ಹೇಳಿದಳು:
"ಆಪರೇಷನ್ ಕೋಣೆ ಕಣೇ ಇದು.
ಕೊನೆಗೆ ಬಕೆಟ್ಟು ನೀರು ಸುರಿದರೆ
ಎಲ್ಲಾ ಒಂದೇ ಕಡೆ ಹೋಗಲಿ ಅಂತ ಇಳಿಜಾರು."
ಎರಡನೇ ಬೀಜ ಆಗಲೇ ದಾಟಿತ್ತು.
ಮೂರನೇ ಸುತ್ತು ಇಬ್ಬರೂ ಮಾತಾಡಲಿಲ್ಲ.

ಆಸ್ಪತ್ರೆಯ ಒಳಗನ್ನು ನಮ್ಮ ತಾತ ಚಿಕ್ಕಪಿಳ್ಳಪ್ಪ ಕಂಡವನಲ್ಲ.
ಹಿಂದಿನ ಗೇಟಿನವರೆಗೆ ಅವನು, ಅವನ ಎರಡು ಕತ್ತೆ,
ಅಲ್ಲಿಂದ ಗಂಟು ಹೇರಿ ಕಟ್ಟೆಗೆ.
ಅಕ್ಷರ ಬಾರದು. ಕರಿಗೇರಿನ ಹಾಲಲ್ಲಿ ಸೂಜಿ ಅದ್ದಿ ಗುರುತು:
ಎರಡು ಚುಕ್ಕೆ ಒಂದು ಗೀಟು, ಸುಟ್ಟಗಾಯದವರು;
ಮೂರು ಚುಕ್ಕೆ, ಚಳಿಜ್ವರ;
ಗೀಟಿನ ಮೇಲೆ ಗೀಟು, ಅದನ್ನು ಬೇರೆ ಹಂಡೆಯಲ್ಲಿ ಬೇಯಿಸು,
ಮಕ್ಕಳನ್ನು ಹತ್ತಿರ ಬಿಡಬೇಡ.
ಯುದ್ಧ ಎಲ್ಲಿ, ಗೆಲ್ಲುತ್ತಿರುವವರು ಯಾರು
ಅವನಿಗೆ ಯಾರೂ ಹೇಳಲಿಲ್ಲ.
ವಾರಕ್ಕೆ ಚೌಳುಮಣ್ಣು ಎಷ್ಟು ಬೇಕಾಯಿತು
ಅನ್ನುವುದರಲ್ಲೇ ತಿಳಿಯುತ್ತಿತ್ತು.

ಒಮ್ಮೆ ಒಂದು ದಿಂಬಿನ ಚೀಲ ಬಂತಂತೆ,
ಒಳಮೈಯೆಲ್ಲ ನೇರಳೆ ಪೆನ್ಸಿಲಿನ ಬರಹ.
ಸಾಲಿನ ಮೇಲೆ ಸಾಲು, ಬರಬರುತ್ತ ಓರೆಯಾಗಿ
ಹೊಲಿಗೆಯೊಳಗೆ ನುಗ್ಗಿ ನಿಂತದ್ದು.
ತಾತ ಒಗೆದ. ನೀರು ಬಿದ್ದಷ್ಟೂ ನೇರಳೆ ಕಡುವಾಯಿತು.
ಕುದಿಸಿದ, ಬಂಡೆಯ ಮೇಲೆ ಮೂರು ದಿನ ಬಿಸಿಲಿಗೆ ಹಾಕಿದ.
ಕೊನೆಗೆ ಓದಿಸೋಣವೆಂದು
ಶಾನುಭೋಗರ ಹಿತ್ತಿಲಿಗೆ ಹೋದ, ಮಸೀದಿಗೆ ಹೋದ,
ಮಿಷನ್ ಸ್ಕೂಲಿನ ದೇವಸಹಾಯಂ ಮೇಷ್ಟ್ರ ಹತ್ತಿರ ಹೋದ.
ಇಂಗ್ಲಿಷಲ್ಲ, ಉರ್ದುವಲ್ಲ, ನಮ್ಮವು ಯಾವುದೂ ಅಲ್ಲ.
ಸ್ಟೋರಿನ ಹವಾಲ್ದಾರ ಕೂಲಿಯಲ್ಲಿ ಎರಡಾಣೆ ಹಿಡಿದು
"ಕಂಡಮ್" ಎಂದು ಚೀಲವನ್ನು ಅವನ ಕಡೆಗೇ ಎಸೆದ.

ಅಜ್ಜಿ ಹೊಲಿಗೆ ಬಿಚ್ಚಿ
ರಾಗಿಹಿಟ್ಟು ಸೋಸುವ ಬಟ್ಟೆ ಮಾಡಿಕೊಂಡಳು.
ಕೈಗೂಸು ನಮ್ಮಪ್ಪನಿಗೆ ಸರಿ ಕಾಸಿದ್ದು ಆ ಹಿಟ್ಟಿನಲ್ಲೇ.
ನಾನು ಕಾಣುವ ಹೊತ್ತಿಗೆ ಅಕ್ಷರವಿರಲಿಲ್ಲ,
ಉಗುರಿನ ಕೆಳಗಿನ ರಕ್ತ ಹೆಪ್ಪುಗಟ್ಟಿದಂಥ ಒಂದು ಬಣ್ಣ.
ಏನು ಬರೆದಿತ್ತಜ್ಜಿ ಅಂದರೆ
"ನಂಗೇನು ಗೊತ್ತಮ್ಮ,
ಅವನ ಮಾತನ್ನೆಲ್ಲ ನಿಮ್ಮಪ್ಪನೇ ತಿಂದುಬಿಟ್ಟ"
ಎಂದು ನಗುತ್ತಿದ್ದಳು.
ಅಪ್ಪ ಮಾತು ಕಮ್ಮಿಯ ಮನುಷ್ಯ.

ಇವತ್ತು ಒಂಬತ್ತನೇ ಜಗಲಿ ದಾಟುವಾಗ
ಇಕ್ಬಾಲುನ್ನೀಸಾಳ ಕೈಯಿಂದ ಬೀಜವೊಂದು ಜಾರಿತು.
ಇಬ್ಬರೂ ನಿಂತು ನೋಡಿದೆವು.
ಹುಣಸೆಬೀಜ ಗೋಲಿಯಲ್ಲವಲ್ಲ,
ಎರಡು ಸಲ ಮಗ್ಗುಲು ಬದಲಿಸಿ
ತೂತಿಗೆ ಗೇಣಿನಷ್ಟು ಈಚೆಗೇ ನಿಂತಿತು.
"ನನಗೆ ಬಗ್ಗೋಕಾಗಲ್ಲ, ನೀನೇ ತೆಕ್ಕೊಡು" ಅಂದಳು.
ಮೊಣಕಾಲು ಹಿಡಿದು ಬಗ್ಗಿದೆ.
ಗಾರೆ ಇನ್ನೂ ಬೆಚ್ಚಗಿತ್ತು.
"ಈಗ ಮೂರೋ, ನಾಲ್ಕೋ?" ಎಂದು ಕೇಳಿದಳು.